ಮೊದಲು ದಿನ ಎಣಿಸಿ, ಆಮೇಲೆ ರೇಟು ಹೇಳಿ: ಹೊಸೂರಿನ ಸಣ್ಣ ಮಷೀನ್ ಶಾಪ್‌ಗಳು ರಫ್ತಿಗೆ ಇಳಿಯುವ ಬಗೆ

ಜರ್ಮನಿಯಿಂದಲೋ ಇಟಲಿಯಿಂದಲೋ ಒಂದು ಎನ್‌ಕ್ವೈರಿ ಬಂದರೆ ಸಾಕು, ನಮ್ಮ ಸಿಪ್ಕಾಟ್ ಕೈಗಾರಿಕಾ ಎಸ್ಟೇಟಿನ ಹುಡುಗರು ಡ್ರಾಯಿಂಗ್ ಹರಡಿಕೊಂಡು ಸೈಕಲ್ ಟೈಮ್ ಲೆಕ್ಕಕ್ಕೆ ಕೂರುತ್ತಾರೆ. ಒಂದು ಪೀಸಿಗೆ ಎಷ್ಟು ಸೆಕೆಂಡು, ಇನ್ಸರ್ಟ್ ಎಷ್ಟು ಹೋಗುತ್ತೆ, ಬಾರ್‌ನಲ್ಲಿ (ಉಕ್ಕಿನ ಸರಳು) ಎಷ್ಟು ವೇಸ್ಟು, ಪ್ಲೇಟಿಂಗ್‌ಗೆ ಕಿಲೋಗೆ ಎಷ್ಟು. ಆ ಲೆಕ್ಕದಲ್ಲಿ ನಾನು ಬಾಯಿ ಹಾಕುವುದಿಲ್ಲ, ಅದು ಅವರಿಗೇ ಚೆನ್ನಾಗಿ ಗೊತ್ತು. ನಾನು ಕೇಳುವುದು ಇಷ್ಟೇ: ಬಾರ್‌ಗೆ ದುಡ್ಡು ಕಟ್ಟಿದ ದಿನದಿಂದ ಪಾರ್ಟಿಯ ದುಡ್ಡು ನಮ್ಮ ಅಕೌಂಟಿಗೆ ಬೀಳುವ ದಿನದವರೆಗೆ ಎಷ್ಟು ದಿನ? ಈ ಪ್ರಶ್ನೆಗೆ ತಕ್ಷಣ ಉತ್ತರ ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ.

ನಮ್ಮೂರು ಬಾಗಲೂರು ಕಡೆ. ಮನೆಯಲ್ಲಿ ಕನ್ನಡ, ಶಾಪ್‌ನಲ್ಲಿ ತಮಿಳು, ಬ್ಯಾಂಕಿಗೆ ಬರೆಯುವುದು ಇಂಗ್ಲಿಷು. ಹೊಸೂರಿನಲ್ಲಿ ಇದೇನೂ ವಿಶೇಷವಲ್ಲ. ಹೈಡ್ರಾಲಿಕ್ ಫಿಟಿಂಗ್, ವಾಲ್ವ್ ಬಿಡಿಭಾಗ ಮಾಡುವ ಶಾಪ್ ಒಂದರಲ್ಲಿ ಕಮರ್ಷಿಯಲ್ ಸೆಕ್ಷನ್ ನನ್ನದು. ಇನ್‌ವಾಯ್ಸು, ಬ್ಯಾಂಕು, ಸಿಎಚ್‌ಎ (ಕಸ್ಟಮ್ಸ್ ಏಜೆಂಟು), ಪಾರ್ಟಿಗೆ ರಿಮೈಂಡರು, ಎಲ್ಲ ನನ್ನ ಟೇಬಲ್ಲಿಗೇ ಬರುತ್ತೆ. ಅಕ್ಕಪಕ್ಕದ ಶೆಡ್ಡಿನವರು "ಅಕ್ಕಾ, ನಾವೂ ಎಕ್ಸ್‌ಪೋರ್ಟ್ ಮಾಡೋಣ ಅಂತಿದೀವಿ, ಏನೇನು ಬೇಕು?" ಅಂತ ಬಂದಾಗ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಲೈಸೆನ್ಸಿನ ವಿಷಯ ಕಡಿಮೆ, ದುಡ್ಡಿನ ವಿಷಯ ಜಾಸ್ತಿ.

ಒಂದು ಹಾಳೆಯ ಲೆಕ್ಕ

ತಿಂಗಳಿಗೆ 30 ಲಕ್ಷದ ಆರ್ಡರು ಅಂತ ಇಟ್ಟುಕೊಳ್ಳಿ. ಬಾರ್ ಸ್ಟಾಕಿಗೆ 12 ಲಕ್ಷ. ಸ್ಟೀಲ್ ಟ್ರೇಡರ್ ಸಣ್ಣ ಶಾಪಿಗೆ ಸಾಲ ಕೊಡುವುದಿಲ್ಲ, ದುಡ್ಡು ಮೊದಲ ದಿನವೇ ಹೋಯಿತು. ಟರ್ನಿಂಗ್, ಡ್ರಿಲ್ಲಿಂಗ್, ಥ್ರೆಡ್ಡು, ಡೀಬರಿಂಗ್ ಸೇರಿ ಐದು ವಾರ. ಪ್ಲೇಟಿಂಗ್‌ಗೆ ಒಂದು ವಾರ. ಇನ್‌ಸ್ಪೆಕ್ಷನ್, ಪ್ಯಾಕಿಂಗ್ ಮುಗಿದು, ಮಾಲು ವೈಟ್‌ಫೀಲ್ಡ್ ಐಸಿಡಿಯಿಂದ (ಒಳನಾಡಿನ ಕಂಟೇನರ್ ಡಿಪೋ) ಚೆನ್ನೈ ಸೇರಿ ಹಡಗು ಹತ್ತುವ ಹೊತ್ತಿಗೆ ಐವತ್ತನೇ ದಿನ. ಪೇಮೆಂಟು ಬಿಲ್ ಆಫ್ ಲೇಡಿಂಗ್ (ಬಿಎಲ್, ಮಾಲಿಗೆ ಹಡಗಿನವರು ಕೊಡುವ ರಸೀದಿ) ತಾರೀಖಿನಿಂದ 60 ದಿನ. ಅಂದರೆ ಮೊದಲ ದಿನ ಹೋದ 12 ಲಕ್ಷ 110ನೇ ದಿನ ವಾಪಸ್ಸು.

ಅಷ್ಟರಲ್ಲಿ ಎರಡನೇ ತಿಂಗಳಿನ ಬಾರ್ ತಂದಾಗಿರುತ್ತದೆ, ಮೂರನೆಯದ್ದೂ, ನಾಲ್ಕನೆಯದ್ದೂ. ನಮ್ಮ ಕಡೆ ಗುಲಾಬಿ ತೋಟದಲ್ಲಿ ಡ್ರಿಪ್ ಹಾಕುತ್ತಾರಲ್ಲ, ಕೊನೆಯ ಗಿಡಕ್ಕೆ ಮೊದಲ ಹನಿ ಬೀಳಬೇಕಾದರೆ ಉದ್ದಕ್ಕೂ ಪೈಪು ತುಂಬಬೇಕು. ಹಾಗೆ ಇಲ್ಲಿ ತುಂಬಬೇಕಾದದ್ದು ಎಷ್ಟು? ಹಡಗು ಹತ್ತಿದ ಮೇಲೆ ಎರಡು ತಿಂಗಳ ಬಿಲ್ಲು ಬಾಕಿ, ಅದು 60 ಲಕ್ಷ. ಶಾಪ್ ಒಳಗಿರುವ ಬಾರು, ಅರ್ಧಂಬರ್ಧ ಪೀಸು, ಕೂಲಿ, ಕರೆಂಟು, ಪ್ಲೇಟಿಂಗು ಸೇರಿ ಇನ್ನೊಂದು 30 ಲಕ್ಷ. ಒಟ್ಟು 90 ಲಕ್ಷ ಯಾವಾಗಲೂ ದಾರಿಯಲ್ಲೇ ಇರುತ್ತದೆ. ವರ್ಷಕ್ಕೆ ಶೇ 10ರ ಬಡ್ಡಿಯಲ್ಲಿ ಅದು 9 ಲಕ್ಷ, ತಿಂಗಳಿಗೆ 75 ಸಾವಿರ, ಅಂದರೆ ಪ್ರತಿ 30 ಲಕ್ಷದ ಬಿಲ್ಲಿನಲ್ಲಿ ಶೇ 2.5. ಸೈಕಲ್ ಟೈಮಿನಲ್ಲಿ ಎರಡು ಸೆಕೆಂಡು ಉಳಿಸಲು ರಾತ್ರಿಯಿಡೀ ಪ್ರೋಗ್ರಾಂ ತಿದ್ದುವವರು ಈ ಎರಡೂವರೆಯನ್ನು ಕೊಟೇಷನ್‌ನಲ್ಲಿ ಸೇರಿಸುವುದೇ ಇಲ್ಲ.

ಲೆಕ್ಕಕ್ಕೆ ಸಿಗದ ಇನ್ನೆರಡು ಬಾಬ್ತು ಇವೆ. ಒಂದು, ಆ 12 ಲಕ್ಷದ ಸ್ಟೀಲಿನ ಮೇಲೆ ಶೇ 18ರ ಜಿಎಸ್‌ಟಿ, 2 ಲಕ್ಷ 16 ಸಾವಿರ, ರೀಫಂಡ್ ಬರುವವರೆಗೆ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ಪಾರ್ಟಿಯ ಪೇಮೆಂಟ್ ಪದ್ಧತಿ. ಇಟಲಿಯವರು "60 ದಿನ, ತಿಂಗಳ ಕೊನೆ" ಅಂತ ಬರೆಯುವುದು ಮಾಮೂಲು. ಮಾರ್ಚ್ 3ರ ಬಿಎಲ್‌ಗೆ 60 ದಿನ ಮೇ 2ಕ್ಕೆ ಮುಗಿಯುತ್ತದೆ, ಆದರೆ ದುಡ್ಡು ಹೊರಡುವುದು ಮೇ 31ಕ್ಕೆ. ನೀವು 60 ಅಂದುಕೊಂಡದ್ದು 89 ಆಯಿತು. ಮಾಲು ಅವರ ಗೋದಾಮಿಗೆ ಮುಟ್ಟಿದ ಮೇಲೆ ದಿನ ಎಣಿಸುವ ಕರಾರಾದರೆ ಸಮುದ್ರದ ದಿನಗಳೂ ನಿಮ್ಮ ತಲೆಗೇ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ ಲೈನರ್‌ಗಳು ಆಫ್ರಿಕಾ ಸುತ್ತಿಕೊಂಡು ಹೊರಟಾಗ, ಹಾಗೆ ಕರಾರು ಮಾಡಿಕೊಂಡಿದ್ದವರಿಗೆ ಹತ್ತು ಹದಿನೈದು ದಿನದ ಬಡ್ಡಿ ಮೈಮೇಲೆ ಬಂತು.

ಊರೊಳಗಿನ ಗಿರಾಕಿ ತಡ ಮಾಡಿದರೆ 2006ರ ಎಂಎಸ್‌ಎಂಇ ಕಾಯ್ದೆಯ 45 ದಿನದ ಮಿತಿ ತೋರಿಸಿ ಕೇಳಬಹುದು. ಸ್ಟುಟ್‌ಗಾರ್ಟ್‌ನವನಿಗೆ ಅದು ತಾಗುವುದಿಲ್ಲ. ಅವನ ಜೊತೆ ನೀವು ಸಹಿ ಹಾಕಿದ ಕರಾರೇ ನಿಮ್ಮ ಕಾಯ್ದೆ.

ಮೆಟ್ಟಿಲು ಹತ್ತುವ ಕ್ರಮ

ಮೊದಲ ದಿನವೇ ನೇರ ರಫ್ತು ಬೇಡ ಎನ್ನುವವಳು ನಾನು. ಬೆಂಗಳೂರಿನಲ್ಲೋ ಹೊಸೂರಿನಲ್ಲೋ ಈಗಾಗಲೇ ಹೊರಗೆ ಕಳಿಸುತ್ತಿರುವ ದೊಡ್ಡ ಕಂಪನಿಗೆ ಒಂದೆರಡು ವರ್ಷ ಪಾರ್ಟ್ ಕೊಡಿ. ಪಿಪಿಎಪಿ ಫೈಲು (ಪಾರ್ಟ್ ಒಪ್ಪಿಗೆಯ ಕಾಗದಪತ್ರ), ಕಂಟ್ರೋಲ್ ಪ್ಲಾನು, 3.1 ಮೆಟೀರಿಯಲ್ ಸರ್ಟಿಫಿಕೇಟು (ಉಕ್ಕಿನ ಪರೀಕ್ಷೆಯ ಕಾಗದ), ಇವೆಲ್ಲ ಅವರ ಆಡಿಟರ್‌ಗಳ ಬೈಗುಳದಲ್ಲೇ ಪುಕ್ಕಟೆ ಕಲಿಯಬಹುದು. ಆಮೇಲೆ ಮರ್ಚೆಂಟ್ ಎಕ್ಸ್‌ಪೋರ್ಟರ್ (ಬೇರೆಯವರ ಮಾಲು ಕೊಂಡು ರಫ್ತು ಮಾಡುವ ವ್ಯಾಪಾರಿ) ಮೂಲಕ ಕಳಿಸಿ. ನಿಯಮದಂತೆ ಕಾಗದ ಇದ್ದರೆ ಅವರಿಗೆ ಶೇ 0.1ರ ಜಿಎಸ್‌ಟಿಯಲ್ಲಿ ಬಿಲ್ ಮಾಡಬಹುದು, ಅವರು 90 ದಿನದೊಳಗೆ ಮಾಲನ್ನು ದೇಶದಿಂದ ಆಚೆ ಕಳಿಸಿರಬೇಕು. ಲಾಭ ಕಡಿಮೆ, ಆದರೆ ಡಾಲರು, ಹಡಗು, ಪಾರ್ಟಿಯ ತಲೆನೋವು ಅವರದ್ದು. ನೇರ ಆರ್ಡರು ಬಂದಾಗ ಸ್ಯಾಂಪಲ್ ವಿಮಾನದಲ್ಲಿ, ಮೊದಲ ಲಾಟು ಎಲ್‌ಸಿಎಲ್‌ನಲ್ಲಿ, ಅಂದರೆ ಬೇರೆಯವರ ಮಾಲಿನ ಜೊತೆ ಒಂದೇ ಕಂಟೇನರ್‌ನಲ್ಲಿ. ಪೂರ್ತಿ ಕಂಟೇನರ್ ಎಲ್ಲಕ್ಕಿಂತ ಕೊನೆಗೆ.

ಕಾಗದಪತ್ರ ಜಾಸ್ತಿ ಇಲ್ಲ. ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಸೈಟಿನಲ್ಲಿ ಐಇಸಿಗೆ, ಅಂದರೆ ಆಮದು-ರಫ್ತು ಕೋಡಿಗೆ, 500 ರೂಪಾಯಿ, ನಂಬರು ನಿಮ್ಮ ಪ್ಯಾನ್ ನಂಬರೇ. ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ವಿನಿಮಯ ನೋಡುವ ಬ್ಯಾಂಕಿನ ಗುರುತು ನಂಬರು) ಪತ್ರ ತೆಗೆದುಕೊಂಡು ಮಾಲು ಹೋಗುವ ಬಂದರು, ಐಸಿಡಿ, ಏರ್‌ಪೋರ್ಟ್ ಎಲ್ಲ ಕಡೆಗೂ ಕಸ್ಟಮ್ಸ್‌ನ ಐಸ್‌ಗೇಟ್ ಸೈಟಿನಲ್ಲಿ ನೋಂದಾಯಿಸಿ. ಚೆನ್ನೈಗೆ ಮಾತ್ರ ಮಾಡಿಸಿ, ಅರ್ಜೆಂಟ್ ಸ್ಯಾಂಪಲ್ಲು ದೇವನಹಳ್ಳಿಯಲ್ಲಿ ನಿಂತ ಕಥೆ ಇಲ್ಲಿ ಬೇಕಾದಷ್ಟಿವೆ. ಐಜಿಎಸ್‌ಟಿ ಕಟ್ಟದೆ ಕಳಿಸಲು ಎಲ್‌ಯುಟಿ, ಅಂದರೆ ಜಿಎಸ್‌ಟಿಯವರಿಗೆ ಕೊಡುವ ಮುಚ್ಚಳಿಕೆ. ಇನ್‌ವಾಯ್ಸ್ ತಾರೀಖಿನಿಂದ ಮೂರು ತಿಂಗಳೊಳಗೆ ಮಾಲು ಹೊರಗೆ ಹೋಗಬೇಕು ಅನ್ನುವುದು ಅದರ ಷರತ್ತು. ಇಂಜಿನಿಯರಿಂಗ್ ಸರಕಿಗೆ ಇಇಪಿಸಿಯ (ಇಂಜಿನಿಯರಿಂಗ್ ರಫ್ತು ಪ್ರೋತ್ಸಾಹ ಮಂಡಳಿ) ಸದಸ್ಯತ್ವ ಮಾಡಿಸಿಕೊಳ್ಳಿ, 1955ರಿಂದ ಇರುವ ಸಂಸ್ಥೆ, ಹೊರದೇಶದ ಮೇಳಗಳಿಗೆ ಹೋಗಲು ಅದೇ ದಾರಿ. ರೋಡ್‌ಟೆಪ್ (ರಫ್ತು ಮಾಲಿನ ಮೇಲೆ ಬಿದ್ದ ತೆರಿಗೆ ವಾಪಸ್ ಕೊಡುವ ಯೋಜನೆ) ಬೇಕಾದರೆ ಕಸ್ಟಮ್ಸ್‌ಗೆ ಹಾಕುವ ಶಿಪ್ಪಿಂಗ್ ಬಿಲ್ಲಿನಲ್ಲೇ ಹೌದು ಎಂದು ಹೇಳಿರಬೇಕು; ಸಿಎಚ್‌ಎ ಕಳಿಸುವ ಚೆಕ್‌ಲಿಸ್ಟಿನಲ್ಲಿ ಆ ಸಾಲನ್ನು ಕಣ್ಣಾರೆ ನೋಡದೆ ಓಕೆ ಅನ್ನಬೇಡಿ.

ಬ್ಯಾಂಕಿಗೆ ಯಾವಾಗ ಹೋಗಬೇಕು

ಆರ್ಡರು ಬಂದ ಮೇಲಲ್ಲ. ಲಿಮಿಟ್ ಸ್ಯಾಂಕ್ಷನ್ ಆಗಲು ವಾರಗಟ್ಟಲೆ ಹಿಡಿಯುತ್ತದೆ, ಅಷ್ಟು ದಿನ ಗಿರಾಕಿ ಕಾಯುವುದಿಲ್ಲ. ಮೊದಲ ಸ್ಯಾಂಪಲ್ ಪಾಸಾದ ವಾರವೇ ಹೋಗಿ. ಎರಡನೆಯದು, ನಿಮ್ಮ ಕರೆಂಟ್ ಅಕೌಂಟ್ ಇರುವ ಶಾಖೆ ವಿದೇಶಿ ವಿನಿಮಯದ ಕೆಲಸ ನೋಡುತ್ತದೆಯೋ ಇಲ್ಲವೋ ಕೇಳಿ. ಎಷ್ಟೋ ಶಾಖೆಗಳಲ್ಲಿ ಕಾಗದ ತೆಗೆದುಕೊಂಡು ಚೆನ್ನೈಗೋ ಬೆಂಗಳೂರಿಗೋ ಕೊರಿಯರ್ ಮಾಡುವುದಷ್ಟೇ ಕೆಲಸ. ಮ್ಯಾನೇಜರ್ ಒಳ್ಳೆಯವರಿರಬಹುದು, ಟೀ ಕೊಡಿಸಬಹುದು, ಆದರೆ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಕಾಗದ ಸರಿಯಿದ್ದರೆ ದುಡ್ಡು ಕೊಡುತ್ತೇವೆಂದು ಗಿರಾಕಿಯ ಬ್ಯಾಂಕು ಕೊಡುವ ಪತ್ರ) ಓದಲು ಬಾರದಿದ್ದರೆ ನಮಗೆ ಉಪಯೋಗವಿಲ್ಲ.

ಕೇಳಬೇಕಾದದ್ದು ಮೂರು: ಪ್ಯಾಕಿಂಗ್ ಕ್ರೆಡಿಟ್ (ಮಾಲು ಮಾಡಲು ಸಾಲ), ಬಿಲ್ ಡಿಸ್ಕೌಂಟಿಂಗ್ (ಬಾಕಿ ಬಿಲ್ಲಿನ ಮೇಲೆ ಮುಂಗಡ), ಫಾರ್ವರ್ಡ್ ಲಿಮಿಟ್ (ಮುಂದೆ ಬರುವ ಡಾಲರಿಗೆ ಇವತ್ತೇ ದರ ಗೊತ್ತುಮಾಡಿಕೊಳ್ಳಲು). ನಮ್ಮ ಹಾಳೆಯ ಮೊದಲ ಐವತ್ತು ದಿನಕ್ಕೆ ಪ್ಯಾಕಿಂಗ್ ಕ್ರೆಡಿಟ್. ಎಲ್‌ಸಿ ಅಥವಾ ಖಚಿತ ಆರ್ಡರು ತೋರಿಸಿದರೆ ಅದರ ಬೆಲೆಯಿಂದ ಮಾರ್ಜಿನ್ ಕಳೆದು ಬಾರ್ ಕೊಳ್ಳಲು ಕೊಡುತ್ತಾರೆ. ಹಡಗು ಹತ್ತಿದ ಮೇಲಿನ 60 ದಿನಕ್ಕೆ ಬಿಲ್ ಡಿಸ್ಕೌಂಟಿಂಗ್. ಡಿಸ್ಕೌಂಟ್ ಆದ ದುಡ್ಡಿನಿಂದ ಪ್ಯಾಕಿಂಗ್ ಕ್ರೆಡಿಟ್ ತೀರುತ್ತದೆ, ಪಾರ್ಟಿಯ ದುಡ್ಡಿನಿಂದ ಬಿಲ್ಲು ತೀರುತ್ತದೆ. ಈ ಎರಡೂ ಲಿಮಿಟ್ ಒಂದರೊಳಗೊಂದು ಬದಲಾಯಿಸಿಕೊಳ್ಳುವಂತೆ, ಇಂಟರ್‌ಚೇಂಜಬಲ್ ಅಂತ ಸ್ಯಾಂಕ್ಷನ್ ಲೆಟರಿನಲ್ಲೇ ಬರೆಸಿ. ಇಲ್ಲದಿದ್ದರೆ ಮಾಲು ಮಾಡುವ ತಿಂಗಳಲ್ಲಿ ಒಂದು ತುಂಬಿ ಇನ್ನೊಂದು ಖಾಲಿ, ಕಳಿಸುವ ತಿಂಗಳಲ್ಲಿ ಅದರ ಉಲ್ಟಾ.

ಕ್ಯಾಷ್ ಕ್ರೆಡಿಟ್ ಇದೆಯಲ್ಲ, ಅದರಲ್ಲೇ ಬಾರ್ ತಂದರಾಯಿತು ಅನ್ನುವವರಿದ್ದಾರೆ. ಆಗ ಸಿಸಿ ಪೂರ್ತಿ ರಫ್ತಿನಲ್ಲಿ ಹೂತುಹೋಗಿ, ಲೋಕಲ್ ಗಿರಾಕಿಯ ಕೆಲಸಕ್ಕೆ, ಸಂಬಳಕ್ಕೆ ದುಡ್ಡಿಲ್ಲದೆ ಒದ್ದಾಡುತ್ತಾರೆ. ಮಷೀನ್ ಕೊಳ್ಳಲು ಪ್ಯಾಕಿಂಗ್ ಕ್ರೆಡಿಟ್ ಎತ್ತುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು: ರಫ್ತಾಗದ ಆರ್ಡರಿಗೆ ಎತ್ತಿದ ಸಾಲಕ್ಕೆ ರಫ್ತು ಸಾಲದ ರಿಯಾಯಿತಿ ಹೋಗಿ, ಎತ್ತಿದ ದಿನದಿಂದಲೇ ಹೆಚ್ಚಿನ ಬಡ್ಡಿ ಬೀಳುತ್ತದೆ. ಇನ್ನು ಬಡ್ಡಿ ಸಬ್ಸಿಡಿ ಲೆಕ್ಕ ಹಾಕಿ ರೇಟು ಕೊಟ್ಟವರ ಪಾಡು ನೋಡಿದ್ದೇನೆ. 2015ರ ಏಪ್ರಿಲ್‌ನಿಂದ ಇದ್ದ ಇಂಟರೆಸ್ಟ್ ಈಕ್ವಲೈಸೇಷನ್ ಯೋಜನೆ 2024ರ ಡಿಸೆಂಬರ್ 31ಕ್ಕೆ ಮುಗಿಯಿತು, ಅದನ್ನು ನೆಚ್ಚಿ ವರ್ಷದ ರೇಟು ಒಪ್ಪಿಕೊಂಡವರು ವ್ಯತ್ಯಾಸವನ್ನು ಕೈಯಿಂದ ಹಾಕಿದರು. ಸರ್ಕಾರ ಕೊಟ್ಟರೆ ಸಂತೋಷ, ಕೊಟೇಷನ್‌ನಲ್ಲಿ ಅದನ್ನು ಎಣಿಸಬೇಡಿ.

ಪ್ಯಾಕಿಂಗ್ ಕ್ರೆಡಿಟನ್ನು ಡಾಲರಿನಲ್ಲೋ ಯೂರೋದಲ್ಲೋ ತೆಗೆದುಕೊಳ್ಳಬಹುದು, ಪಿಸಿಎಫ್‌ಸಿ ಅಂತಾರೆ. ಡಾಲರಾದರೆ ಸೋಫರ್ (ಡಾಲರ್ ಸಾಲಕ್ಕೆ ಆಧಾರವಾದ ಬಡ್ಡಿ) ದರದ ಮೇಲೆ ಬ್ಯಾಂಕಿನ ಮಾರ್ಜಿನ್ ಸೇರಿಸಿ ಬಡ್ಡಿ. ಡಾಲರಿನಲ್ಲಿ ಸಾಲ, ಡಾಲರಿನಲ್ಲೇ ಬಿಲ್ಲು, ಅದಕ್ಕೇ ಅಷ್ಟು ಮೊತ್ತಕ್ಕೆ ರೂಪಾಯಿ ಏರಿಳಿತದ ಭಯವಿಲ್ಲ. ಆದರೆ ಸಾಲ ಎತ್ತಿದ ದಿನವೇ ಡಾಲರ್ ಮಾರಿದಂತಾಯಿತು, ಫಾರ್ವರ್ಡ್ ಪ್ರೀಮಿಯಂ (ಮುಂದಿನ ತಾರೀಖಿಗೆ ಡಾಲರ್ ಮಾರಿದರೆ ಇವತ್ತಿನ ದರದ ಮೇಲೆ ಸಿಗುವ ಹೆಚ್ಚುವರಿ) ನಿಮಗೆ ಸಿಗುವುದಿಲ್ಲ. ರೂಪಾಯಿ ಸಾಲದ ಬಡ್ಡಿಯಿಂದ ಪ್ರೀಮಿಯಂ ಕಳೆದು, ಉಳಿದದ್ದನ್ನು ಪಿಸಿಎಫ್‌ಸಿ ಬಡ್ಡಿಯ ಪಕ್ಕದಲ್ಲಿಟ್ಟು ನೋಡಿ. ಬರೀ ಎರಡು ಬಡ್ಡಿ ದರ ಹೋಲಿಸಿ "ಡಾಲರ್ ಸಾಲ ಸಸ್ತಾ" ಅಂತ ಹೇಳುವ ರಿಲೇಷನ್‌ಷಿಪ್ ಮ್ಯಾನೇಜರ್ ಮುಂದೆ ಈ ಲೆಕ್ಕ ಮಾಡಿ ತೋರಿಸಿ, ಮಾತು ಬೇರೆಯಾಗುತ್ತದೆ.

ಎಲ್‌ಸಿ ಬಂದಾಗ

ಎಲ್‌ಸಿ ಇದೆ ಅಂದರೆ ದುಡ್ಡು ಬಂದಂತೆಯೇ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬ್ಯಾಂಕು ನೋಡುವುದು ಕಾಗದ ಮಾತ್ರ, ಪೆಟ್ಟಿಗೆಯೊಳಗೆ ಏನಿದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ. ಮೈಕ್ರಾನ್ ಲೆಕ್ಕದಲ್ಲಿ ಪಾರ್ಟ್ ಮಾಡಿ ಕಳಿಸಿದ ಮೇಲೆ ಕಾಗದದಲ್ಲೊಂದು ತಾರೀಖು ತಪ್ಪಿದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಗ ಪಾರ್ಟಿ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಾರ್ಕೆಟ್ ಬಿದ್ದಿದ್ದರೆ ಅದೇ ನೆಪದಲ್ಲಿ ರೇಟು ಇಳಿಸುತ್ತಾನೆ.

ಎಲ್‌ಸಿ ಬಂದ ದಿನ ನಾನು ಮಾಡುವುದು ಇದು. ಬ್ಯಾಂಕಿನಿಂದ ಬ್ಯಾಂಕಿಗೆ ಬಂದ ಸ್ವಿಫ್ಟ್ ಸಂದೇಶದ ಕಾಪಿ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಫೀಲ್ಡ್ ನಂಬರ್ ಪ್ರಕಾರ ಓದುತ್ತೇನೆ. ಮೊದಲು 31ಡಿ: ಎಲ್‌ಸಿ ಯಾವತ್ತು, ಎಲ್ಲಿ ಮುಗಿಯುತ್ತದೆ. "ಎಲ್ಲಿ" ಅನ್ನುವುದನ್ನು ಬಿಡಬೇಡಿ. ಪಾರ್ಟಿಯ ದೇಶದಲ್ಲಿ ಮುಗಿಯುವುದಾದರೆ ಕೊರಿಯರ್ ತಡವಾದರೂ ಕಷ್ಟ ನಮ್ಮದು. ಭಾರತದಲ್ಲಿ ಅಂತ ತಿದ್ದಿಸಿ. ಆಮೇಲೆ 44ಸಿ, ಮಾಲು ಹಡಗು ಹತ್ತಲು ಕೊನೆಯ ದಿನ. ಇಲ್ಲಿ ಹೊಸೂರಿನವರಿಗೆ ಒಂದು ಗುಂಡಿ ಇದೆ. ಕಂಟೇನರ್ ವೈಟ್‌ಫೀಲ್ಡ್‌ನಲ್ಲಿ ಕೊಟ್ಟು ಬಂದ ದಿನ ನಮ್ಮ ಕೆಲಸ ಮುಗಿದಂತೆ ಅನಿಸುತ್ತದೆ, ಆದರೆ ಆನ್‌ಬೋರ್ಡ್ ಬಿಎಲ್ ಕೇಳಿದ್ದರೆ ಎಣಿಕೆಗೆ ಬರುವುದು ಚೆನ್ನೈಯಲ್ಲಿ ಹಡಗು ಹತ್ತಿದ ತಾರೀಖು. ರೈಲು, ಬಂದರು, ತಪ್ಪಿದ ಹಡಗು, ಎಲ್ಲಕ್ಕೂ ಸೇರಿ ಎರಡು ವಾರ ಕೈಯಲ್ಲಿಟ್ಟುಕೊಂಡೇ 44ಸಿ ಒಪ್ಪಿಕೊಳ್ಳಿ.

48ರಲ್ಲಿ ಮಾಲು ಹೋದ ಮೇಲೆ ಎಷ್ಟು ದಿನದಲ್ಲಿ ಕಾಗದ ಕೊಡಬೇಕು ಅಂತಿರುತ್ತದೆ. ಏನೂ ಬರೆದಿಲ್ಲದಿದ್ದರೆ 2007ರಿಂದ ನಡೆಯುತ್ತಿರುವ ಎಲ್‌ಸಿಯ ಅಂತರರಾಷ್ಟ್ರೀಯ ನಿಯಮ ಯುಸಿಪಿ 600ರ ಪ್ರಕಾರ 21 ದಿನ. ಏಳೇ ದಿನ ಅಂತ ಬರೆದಿದ್ದರೆ ಒಪ್ಪಬೇಡಿ, ಬಿಎಲ್ ಚೆನ್ನೈಯಿಂದ ಕೈಗೆ ಬರುವಷ್ಟರಲ್ಲೇ ಅರ್ಧ ವಾರ ಹೋಗಿರುತ್ತದೆ. 45ಎಯಲ್ಲಿ ಮಾಲಿನ ವಿವರ. ಇನ್‌ವಾಯ್ಸಿನಲ್ಲಿ ಅದಕ್ಕೆ ತಾಳೆಯಾಗುವಂತೆಯೇ ಬರೆಯಬೇಕು. ಅವರು ಸ್ಪೆಲ್ಲಿಂಗ್ ತಪ್ಪು ಬರೆದಿದ್ದರೆ ನಾನು ಅದೇ ತಪ್ಪನ್ನು ಇನ್‌ವಾಯ್ಸಿನಲ್ಲಿ ಇಳಿಸುತ್ತೇನೆ. ನಮ್ಮ ಕ್ವಾಲಿಟಿಯವರು ಒಮ್ಮೆ "ಇದು ತಪ್ಪು ಮೇಡಂ" ಅಂತ ತಿದ್ದಲು ಬಂದಿದ್ದರು, ಪೆನ್ನು ಕಿತ್ತುಕೊಂಡೆ.

46ಎಯಲ್ಲಿ ಯಾವ ಯಾವ ಕಾಗದ ಬೇಕೆಂದು ಇರುತ್ತದೆ. ಇಲ್ಲಿ ನೋಡಬೇಕಾದ್ದು ನಮ್ಮ ಕೈಯಲ್ಲಿಲ್ಲದ ಕಾಗದ. "ಖರೀದಿದಾರರ ಪ್ರತಿನಿಧಿ ಸಹಿ ಮಾಡಿದ ಇನ್‌ಸ್ಪೆಕ್ಷನ್ ಸರ್ಟಿಫಿಕೇಟ್" ಅಂತಿದ್ದರೆ ಆ ಪ್ರತಿನಿಧಿ ರಜೆ ಹಾಕಿದರೆ ನಮ್ಮ ದುಡ್ಡೂ ರಜೆ. ಅದರ ಬದಲು ನಮ್ಮದೇ ಟೆಸ್ಟ್ ಸರ್ಟಿಫಿಕೇಟ್, ಹೆಚ್ಚೆಂದರೆ ಹೆಸರು ಹೇಳಿದ ತಟಸ್ಥ ಏಜೆನ್ಸಿಯದ್ದು ಅಂತ ಮಾಡಿಸಿ. 43ಪಿಯಲ್ಲಿ ಭಾಗಶಃ ಸಾಗಣೆ, 43ಟಿಯಲ್ಲಿ ಹಡಗು ಬದಲಿಸುವುದು, ಎರಡಕ್ಕೂ ಅನುಮತಿ ಇರಲಿ. ಚೆನ್ನೈಯಿಂದ ಹೊರಟ ಮಾಲು ಕೊಲಂಬೊದಲ್ಲೋ ಸಿಂಗಪುರದಲ್ಲೋ ಇನ್ನೊಂದು ಹಡಗಿಗೆ ಬದಲಾಗುವುದು ದಿನನಿತ್ಯದ ಸಂಗತಿ.

ತಿದ್ದಿಸಬೇಕಾದದ್ದನ್ನೆಲ್ಲ ಒಂದೇ ಪಟ್ಟಿ ಮಾಡಿ, ಬಾರ್ ಕೊಳ್ಳುವ ಮೊದಲೇ ಕಳಿಸಬೇಕು. ಮಾಲು ಪ್ಯಾಕಾದ ಮೇಲೆ ಅಮೆಂಡ್‌ಮೆಂಟ್ ಕೇಳಿದರೆ ಚೌಕಾಸಿಗೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಕಾಗದ ಕೊಟ್ಟ ಮೇಲೆ ಬ್ಯಾಂಕಿಗೆ ಪರಿಶೀಲಿಸಲು ಐದು ಬ್ಯಾಂಕಿಂಗ್ ದಿನ ಇದೆ, ಅದನ್ನೂ ಹಾಳೆಗೆ ಸೇರಿಸಿ. ಡಾಲರಿಗೆ ತತ್ವಾರ ಇರುವ ದೇಶದ ಎಲ್‌ಸಿಯಾದರೆ ಬೇರೆ ದೇಶದ ಒಳ್ಳೆಯ ಬ್ಯಾಂಕಿನ ಕನ್‌ಫರ್ಮೇಷನ್ (ದುಡ್ಡಿಗೆ ತಾನೂ ಹೊಣೆ ಎಂಬ ಮಾತು) ಇಲ್ಲದೆ ಮುಟ್ಟಬೇಡಿ. 2022ರಲ್ಲಿ ಶ್ರೀಲಂಕಾದಲ್ಲಿ ಆದದ್ದು ನೋಡಿದ್ದೇವಲ್ಲ, ಗಿರಾಕಿಯ ಹತ್ತಿರ ರೂಪಾಯಿ ಇದ್ದರೂ ದೇಶದ ಹತ್ತಿರ ಡಾಲರ್ ಇರಲಿಲ್ಲ.

ಎಲ್‌ಸಿ ಇಲ್ಲದ ವ್ಯಾಪಾರ

ನಿಜ ಹೇಳಬೇಕೆಂದರೆ ಯುರೋಪಿನ ಒಳ್ಳೆಯ ಗಿರಾಕಿ ಎಲ್‌ಸಿ ಕೊಡುವುದಿಲ್ಲ. ಓಪನ್ ಅಕೌಂಟ್ ಅನ್ನುತ್ತಾನೆ, ಅಂದರೆ ಮಾಲು ಮೊದಲು, ದುಡ್ಡು ಆಮೇಲೆ. ಹೊಸ ಪಾರ್ಟಿಗೆ ಮೊದಲ ಎರಡು ಮೂರು ಲಾಟಿಗೆ ಶೇ 30 ಅಡ್ವಾನ್ಸ್, ಉಳಿದದ್ದು ಬಿಎಲ್ ಕಾಪಿ ತೋರಿಸಿದ ಮೇಲೆ ಅಂತ ಕೇಳಿ. ಕೇಳಿದರೆ ಆರ್ಡರು ಹೋಗುತ್ತದೆ ಎನ್ನುವ ಹೆದರಿಕೆ ಬೇಡ, ಟೂಲಿಂಗ್ ಖರ್ಚು ಕೇಳುವಾಗಲೇ ಇದನ್ನೂ ಕೇಳಿ. ಬಾರ್‌ನ ದುಡ್ಡು ಅಡ್ವಾನ್ಸಿನಲ್ಲಿ ಬಂದರೆ ನಮ್ಮ ಹಾಳೆಯ ದೊಡ್ಡ ಹೊರೆ ಇಳಿಯಿತು.

ಆಮೇಲೆ ಇಸಿಜಿಸಿ. 1957ರಿಂದ ಇರುವ ರಫ್ತು ವಿಮೆಯ ಸರ್ಕಾರಿ ಕಂಪನಿ, ಪಾರ್ಟಿ ದಿವಾಳಿ ಎದ್ದರೆ, ದುಡ್ಡು ಕಟ್ಟದಿದ್ದರೆ ಸಾಮಾನ್ಯವಾಗಿ ನಷ್ಟದ ಶೇ 90ರವರೆಗೆ ಕೊಡುತ್ತದೆ. ಇದರಲ್ಲಿ ನಮ್ಮವರು ಮತ್ತೆ ಮತ್ತೆ ಬೀಳುವ ಒಂದು ತಪ್ಪು ತಿಳಿವಳಿಕೆ ಇದೆ. ಬ್ಯಾಂಕು ಪ್ಯಾಕಿಂಗ್ ಕ್ರೆಡಿಟ್ ಕೊಡುವಾಗ ಇಸಿಜಿಸಿ ಪ್ರೀಮಿಯಂ ಅಂತ ಹಿಡಿಯುತ್ತದಲ್ಲ, ಅದು ಬ್ಯಾಂಕಿನ ರಕ್ಷಣೆಗೆ. ಪ್ರೀಮಿಯಂ ನಿಮ್ಮ ಅಕೌಂಟಿನಿಂದ ಹೋದರೂ ಪಾರ್ಟಿ ಮುಳುಗಿದಾಗ ನಿಮಗೆ ಒಂದು ಪೈಸೆ ಬರುವುದಿಲ್ಲ, ಬ್ಯಾಂಕು ತನ್ನ ಸಾಲವನ್ನು ನಿಮ್ಮಿಂದ ಕೇಳುವುದನ್ನೂ ಬಿಡುವುದಿಲ್ಲ. ನಿಮ್ಮ ಹೆಸರಿನಲ್ಲಿ ಬೇರೆ ಪಾಲಿಸಿ ಬೇಕು, ಪ್ರತಿ ಪಾರ್ಟಿಗೂ ಲಿಮಿಟ್ ತೆಗೆಸಬೇಕು, ತಿಂಗಳು ತಿಂಗಳು ಶಿಪ್‌ಮೆಂಟ್ ಡಿಕ್ಲೇರ್ ಮಾಡಬೇಕು, ತಡವಾದ ಬಿಲ್ಲನ್ನು ಹೇಳಿಬಿಡಬೇಕು. ಇನ್ನೊಂದು ವಿಷಯ: ಪಾರ್ಟಿ "ಮಾಲು ಸರಿಯಿಲ್ಲ" ಅಂತ ತಕರಾರು ತೆಗೆದರೆ, ಆ ತಕರಾರು ತೀರುವವರೆಗೆ ಕ್ಲೇಮ್ ಮುಂದೆ ಹೋಗುವುದಿಲ್ಲ. ಅದಕ್ಕೇ ಪ್ರತಿ ಲಾಟಿನ ಇನ್‌ಸ್ಪೆಕ್ಷನ್ ರಿಪೋರ್ಟ್ ಮುಂಚೆಯೇ ಮೇಲ್ ಮಾಡಿ, "ಓಕೆ ಟು ಶಿಪ್" ಅಂತ ಒಂದು ಸಾಲಿನ ಉತ್ತರ ತರಿಸಿಟ್ಟುಕೊಳ್ಳಿ.

ಮಾಲಿನ ಜವಾಬ್ದಾರಿ ಎಲ್ಲಿ ಕೈ ಬದಲಾಗುತ್ತದೆ ಎಂದು ಹೇಳುವ ಇನ್‌ಕೋಟರ್ಮ್ಸ್ 2020ರ ಹನ್ನೊಂದು ಪದಗಳನ್ನೂ ಬಾಯಿಪಾಠ ಮಾಡುವುದು ಬೇಡ. ಕಂಟೇನರ್ ಮಾಲಿಗೆ ಎಫ್‌ಸಿಎ ಸಾಕು. ಐಸಿಡಿಯಲ್ಲಿ ಕೊಟ್ಟರೆ ಜವಾಬ್ದಾರಿ ಮುಗಿಯಿತು, ಎಫ್‌ಒಬಿಯಾದರೆ ಚೆನ್ನೈಯಲ್ಲಿ ಹಡಗು ಹತ್ತುವವರೆಗೂ ನಮ್ಮದು. ಎರಡರಲ್ಲೂ ಒಂದು ಅಪಾಯ, ಫಾರ್ವರ್ಡರ್ (ಸಾಗಣೆ ಏರ್ಪಾಡು ಮಾಡುವವನು) ಪಾರ್ಟಿಯ ಕಡೆಯವನು. ಪಾರ್ಟಿಯ ಹೆಸರಿಗೇ ನೇರ ಬಿಎಲ್ ಮಾಡಿಸಿ, ಟೆಲೆಕ್ಸ್ ರಿಲೀಸ್ (ಒರಿಜಿನಲ್ ಬಿಎಲ್ ಇಲ್ಲದೆ ಮಾಲು ಬಿಡಲು ಒಪ್ಪಿಗೆ) ಕೊಟ್ಟುಬಿಟ್ಟರೆ ಮಾಲಿನ ಮೇಲೆ ನಮ್ಮ ಹಿಡಿತ ಹೋಯಿತು. ಪರಿಚಯದ ಒಂದು ಶಾಪಿನ ಮಾಲನ್ನು ಒರಿಜಿನಲ್ ಬಿಎಲ್ ಇಲ್ಲದೆಯೇ ಫಾರ್ವರ್ಡರೊಬ್ಬರು ಅಲ್ಲಿ ಬಿಟ್ಟುಕೊಟ್ಟರು; ದುಡ್ಡು ಇವತ್ತಿಗೂ ಬಂದಿಲ್ಲ. ಬಾಕಿ ಬರಬೇಕಾದ ಮಾಲಿಗೆ "ಟು ಆರ್ಡರ್" ಬಿಎಲ್ (ಹಿಂದೆ ಸಹಿ ಹಾಕಿ ಹಕ್ಕು ಬಿಟ್ಟುಕೊಡುವಂಥದ್ದು) ಮಾಡಿಸಿ, ಮೂರೂ ಒರಿಜಿನಲ್ ಬ್ಯಾಂಕಿನ ಮೂಲಕ ಕಳಿಸಿ.

ಬ್ಯಾಂಕ್ ಅಕೌಂಟ್ ಬದಲಾಗಿದೆ ಎಂಬ ಸುಳ್ಳು ಮೇಲ್ ನಿಮ್ಮ ಹೆಸರಿನಲ್ಲಿ ಪಾರ್ಟಿಗೆ ಹೋಗಬಹುದು, ಒಂದೇ ಅಕ್ಷರ ವ್ಯತ್ಯಾಸದ ಐಡಿಯಿಂದ. "ನಮ್ಮ ಖಾತೆ ವಿವರ ಮೇಲ್ ಮೂಲಕ ಬದಲಾಗುವುದಿಲ್ಲ, ಫೋನ್ ಮಾಡಿ ಕೇಳಿ" ಅಂತ ಪ್ರತಿ ಇನ್‌ವಾಯ್ಸಿನ ಕೆಳಗೂ ಅಚ್ಚು ಹಾಕಿಸಿ.

ಡಾಲರಿನ ಆಸೆ

ರೂಪಾಯಿ ಇಳಿಯುತ್ತದೆ, ಕಾದರೆ ಲಾಭ ಅಂತ ಮಾಲೀಕರು ಹೇಳುತ್ತಾರೆ. ಇಳಿದರೆ ಲಾಭವೇ. ಆದರೆ ನಾವು ಶೇ 8ರ ಮಾರ್ಜಿನ್‌ಗೆ ಪಾರ್ಟ್ ಮಾಡುವವರು, ಕರೆನ್ಸಿ ಆಡುವವರಲ್ಲ. ಖಚಿತ ಆರ್ಡರಿನ ಅರ್ಧದಿಂದ ಮುಕ್ಕಾಲು ಭಾಗಕ್ಕೆ ಫಾರ್ವರ್ಡ್ ಮಾಡಿಸುವುದು ನನ್ನ ರೂಢಿ. ಪೂರ್ತಿ ಮಾಡಿಸಿದರೆ ಶಿಪ್‌ಮೆಂಟ್ ತಡವಾದಾಗ ರದ್ದು ಮಾಡಿಸಲು, ಮುಂದಕ್ಕೆ ಹಾಕಿಸಲು ಖರ್ಚು ಬರುತ್ತದೆ. ಬಂದ ಡಾಲರನ್ನು ಬ್ಯಾಂಕು ಯಾವ ದರಕ್ಕೆ ಕೊಂಡಿತು ಅಂತ ಪ್ರತಿ ಬಾರಿ ಅವತ್ತಿನ ಮಾರ್ಕೆಟ್ ದರದ ಪಕ್ಕ ಬರೆದಿಡಿ. 35 ಸಾವಿರ ಡಾಲರಿಗೆ 30 ಪೈಸೆ ಕಡಿಮೆ ಕೊಟ್ಟರೆ 10,500 ರೂಪಾಯಿ, ಒಬ್ಬ ಹೆಲ್ಪರ್‌ನ ಸಂಬಳದ ದೊಡ್ಡ ಪಾಲು. 2019ರಿಂದ ಎಫ್‌ಎಕ್ಸ್ ರೀಟೇಲ್ ಅನ್ನುವ ವೇದಿಕೆ ಇದೆ, ಸಣ್ಣವರೂ ಮಾರ್ಕೆಟ್ ದರದಲ್ಲಿ ಡಾಲರ್ ಮಾರಬಹುದು, ಬ್ಯಾಂಕಿಗೆ ಮೊದಲೇ ಒಪ್ಪಿದ ಚಾರ್ಜು. ಅದರ ಹೆಸರು ಎತ್ತಿದರೇ ಸಾಕು, ಕೆಲವು ಬ್ಯಾಂಕುಗಳು ಮಾರ್ಜಿನ್ ಇಳಿಸುತ್ತವೆ.

ತುಕ್ಕು, ಮರ, ಇಂಗಾಲ

ಪೇಮೆಂಟ್ ನಿಲ್ಲಿಸಲು ಪಾರ್ಟಿಗೆ ಸಿಗುವ ಅತಿ ಸುಲಭದ ಕಾರಣ ತುಕ್ಕು. ನಮ್ಮ ಹೊಸೂರಿನ ಒಣ ಹವೆಯಲ್ಲಿ ಹೊಳೆಯುವ ಪೀಸು ಕಂಟೇನರ್ ಒಳಗೆ ಹಗಲು ಬೆವರಿ ರಾತ್ರಿ ತಣ್ಣಗಾಗಿ ವಾರಗಟ್ಟಲೆ ಕೂರುತ್ತದೆ. ರಸ್ಟ್ ಪ್ರಿವೆಂಟಿವ್ ಎಣ್ಣೆ, ತುಕ್ಕು ತಡೆಯುವ ವಿಸಿಐ ಬ್ಯಾಗು, ಥ್ರೆಡ್ಡಿಗೆ ಪ್ಲಾಸ್ಟಿಕ್ ಕ್ಯಾಪು, ಪೆಟ್ಟಿಗೆಗೆ ಸಿಲಿಕಾ ಜೆಲ್ ಹಾಕಿ. ಬರಿಗೈಯಲ್ಲಿ ಪೀಸು ಮುಟ್ಟಲು ಬಿಡಬೇಡಿ, ಬೆರಳಿನ ಗುರುತೇ ತುಕ್ಕಾಗಿ ಏಳುತ್ತದೆ. ಮರದ ಪೆಟ್ಟಿಗೆ, ಪ್ಯಾಲೆಟ್ಟು ಮರದ ಪ್ಯಾಕಿಂಗಿನ ಅಂತರರಾಷ್ಟ್ರೀಯ ನಿಯಮ ಐಎಸ್‌ಪಿಎಂ 15ರ ಪ್ರಕಾರ ಕಾಯಿಸಿದ್ದಾಗಿರಬೇಕು: ಮರದ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ. ತೆನೆಯ ಚಿತ್ರ, ಎಚ್‌ಟಿ ಅನ್ನುವ ಮುದ್ರೆ ಮರದ ಮೇಲೆ ಕಾಣಬೇಕು. ಮುದ್ರೆಯಿಲ್ಲದ ಒಂದು ಪಟ್ಟಿ ಮೊಳೆ ಹೊಡೆದರೂ ಪೂರ್ತಿ ಮಾಲು ಅಲ್ಲಿ ನಿಲ್ಲಬಹುದು.

ಯುರೋಪಿಗೆ ಕಳಿಸುವವರಿಗೆ ಹೊಸ ಲೆಕ್ಕ ಸಿಬಿಎಎಂ, ಅಂದರೆ ಯುರೋಪಿನ ಒಕ್ಕೂಟ ಗಡಿಯಲ್ಲಿ ಹಾಕುವ ಇಂಗಾಲದ ಶುಲ್ಕ. 2023ರ ಅಕ್ಟೋಬರ್‌ನಿಂದ ಬರೀ ವರದಿ ಇತ್ತು, 2026ರ ಜನವರಿ 1ರಿಂದ ಉಕ್ಕಿನ ಜೊತೆ ಬರುವ ಇಂಗಾಲಕ್ಕೆ ಅಲ್ಲಿನ ಆಮದುದಾರ ದುಡ್ಡು ಕೊಡಬೇಕಾದ ಹಂತ ಶುರುವಾಗಿದೆ. ನಮ್ಮಂಥವರಿಗೆ ಎಲ್ಲ ನಿಂತಿರುವುದು ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಸರಕಿನ ವರ್ಗದ ನಂಬರು) ಮೇಲೆ. ಪೈಪ್ ಫಿಟಿಂಗ್‌ನ 7307, ಬೋಲ್ಟ್ ನಟ್‌ನ 7318, ಇತರ ಉಕ್ಕಿನ ವಸ್ತುವಿನ 7326 ಇದರೊಳಗೆ ಬರುತ್ತವೆ. ವಾಲ್ವ್ ಭಾಗವಾಗಿ 8481ರಲ್ಲಿ ಹೋಗುವ ಮಾಲು ಆರಂಭದ ಪಟ್ಟಿಯಲ್ಲಿ ಇಲ್ಲ. ಹಾಗಂತ ಅನುಕೂಲಕ್ಕೆ ಕೋಡ್ ಬದಲಿಸಿದರೆ ಅಲ್ಲಿನ ಕಸ್ಟಮ್ಸ್‌ನಲ್ಲಿ ಗಿರಾಕಿ ಸಿಕ್ಕಿಬೀಳುತ್ತಾನೆ, ನೀವು ಗಿರಾಕಿಯನ್ನು ಕಳೆದುಕೊಳ್ಳುತ್ತೀರಿ. ಅನುಮಾನವಿದ್ದರೆ ಯಾವ ಕೋಡ್ ಎಂದು ಅಲ್ಲಿನ ಕಸ್ಟಮ್ಸ್‌ನಿಂದ ಬೈಂಡಿಂಗ್ ಟ್ಯಾರಿಫ್ ನಿರ್ಣಯ ಪಡೆಯಲು ಗಿರಾಕಿಗೇ ಹೇಳಿ. ಒಬ್ಬ ಆಮದುದಾರ ವರ್ಷಕ್ಕೆ ತರಿಸುವ ಇಂಥ ಸರಕು 50 ಟನ್ ಒಳಗಿದ್ದರೆ ವಿನಾಯಿತಿ ಇದೆ, ಆದರೆ ಆ ಲೆಕ್ಕಕ್ಕೆ ಅವನು ಎಲ್ಲರಿಂದ ತರಿಸಿದ್ದೂ ಸೇರುತ್ತದೆ, ನಿಮ್ಮದೊಂದೇ ಅಲ್ಲ. ಬಾರ್ ಕೊಳ್ಳುವಾಗಲೇ ಯಾವ ಮಿಲ್ಲು, ಯಾವ ಹೀಟ್ ನಂಬರು (ಉಕ್ಕು ಕರಗಿಸಿದ ಬ್ಯಾಚು) ಅಂತ ಕಾಗದ ಇಟ್ಟುಕೊಂಡಿರಿ, ಗಿರಾಕಿ ಕೇಳಿಯೇ ಕೇಳುತ್ತಾನೆ.

ಅಮೆರಿಕದ ಬಗ್ಗೆ ಒಂದೇ ಮಾತು. 2025ರ ಜೂನ್‌ನಲ್ಲಿ ಉಕ್ಕು, ಅಲ್ಯೂಮಿನಿಯಂ ಮೇಲಿನ ಸುಂಕ ಶೇ 50ಕ್ಕೆ ಏರಿದಾಗ ಒಂದೇ ದೇಶ, ಒಂದೇ ಗಿರಾಕಿ ನೆಚ್ಚಿಕೊಂಡವರ ಶಾಪ್‌ನಲ್ಲಿ ಮಷೀನ್‌ಗಳು ಸುಮ್ಮನೆ ನಿಂತವು. ಒಬ್ಬನೇ ಪಾರ್ಟಿ ನಿಮ್ಮ ಬಿಲ್ಲಿನ ಮೂರರಲ್ಲೊಂದು ಪಾಲು ದಾಟಿದರೆ ಮುಂದಿನ ಗಿರಾಕಿಯನ್ನು ಹುಡುಕಲು ಶುರುಮಾಡಿ.

ದುಡ್ಡು ಬಂದ ಮೇಲೆ

ಬಂದ ದುಡ್ಡನ್ನು ಶಿಪ್ಪಿಂಗ್ ಬಿಲ್ಲಿಗೆ ಹೊಂದಿಸುವ ಕೆಲಸ ಬಾಕಿ ಇರುತ್ತದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಕಸ್ಟಮ್ಸ್‌ನಿಂದ ನಮ್ಮ ಶಿಪ್ಪಿಂಗ್ ಬಿಲ್ಲು ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್‌ಗೆ (ರಫ್ತಿನ ದುಡ್ಡು ಬಂತೇ ಎಂದು ನೋಡುವ ವ್ಯವಸ್ಥೆ) ಹೋಗಿ ಕೂತಿರುತ್ತದೆ. ಬ್ಯಾಂಕು ದುಡ್ಡನ್ನು ಅದಕ್ಕೆ ಹೊಂದಿಸಿ ಮುಚ್ಚುವವರೆಗೆ ಬಾಕಿ ಅಂತಲೇ ತೋರಿಸುತ್ತದೆ. ದುಡ್ಡು ತರಿಸಿಕೊಳ್ಳಲು ಮೊದಲು ಒಂಬತ್ತು ತಿಂಗಳ ಗಡುವಿತ್ತು, 2025ರ ನವೆಂಬರ್‌ನಲ್ಲಿ ಅದನ್ನು ಹದಿನೈದು ತಿಂಗಳಿಗೆ ಹೆಚ್ಚಿಸಿದರು. ಗಡುವು ಉದ್ದವಾಯಿತು ಅಂತ ಪಾರ್ಟಿಗೆ ಹೇಳಲು ಹೋಗಬೇಡಿ.

ದಾರಿಯಲ್ಲಿ ಬ್ಯಾಂಕುಗಳು 20, 25 ಡಾಲರ್ ಹಿಡಿದುಕೊಂಡು ಕಡಿಮೆ ಬರುವುದು ಮಾಮೂಲು. ಆ ವ್ಯತ್ಯಾಸವನ್ನು ಬ್ಯಾಂಕ್ ಚಾರ್ಜ್ ಎಂದು ಪತ್ರ ಕೊಟ್ಟು ಬಿಲ್ ಮುಚ್ಚಿಸಿ, ಇಲ್ಲದಿದ್ದರೆ 25 ಡಾಲರಿಗಾಗಿ 35 ಸಾವಿರದ ಬಿಲ್ಲು ಬಾಕಿ ಪಟ್ಟಿಯಲ್ಲೇ ಉಳಿಯುತ್ತದೆ. 2023ರ ನವೆಂಬರ್‌ನಿಂದ ಇ-ಬಿಆರ್‌ಸಿಯನ್ನು (ರಫ್ತಿನ ದುಡ್ಡು ಬಂದ ಪ್ರಮಾಣಪತ್ರ) ಡಿಜಿಎಫ್‌ಟಿ ಸೈಟಿನಲ್ಲಿ ನಾವೇ ಮಾಡಿಕೊಳ್ಳಬಹುದು, ಬ್ಯಾಂಕು ಕಳಿಸಿದ ರೆಮಿಟೆನ್ಸ್ ವಿವರ ಅಲ್ಲೇ ಬಂದಿರುತ್ತದೆ. ನಾನು ತಿಂಗಳ ಮೊದಲ ವಾರ ಕೂತು ಹಿಂದಿನ ತಿಂಗಳದ್ದನ್ನು ಮುಗಿಸುತ್ತೇನೆ, ಅದೇ ದಿನ ಜಿಎಸ್‌ಟಿ ರೀಫಂಡ್ ಅರ್ಜಿಯ ಕಾಗದವೂ ಜೋಡಣೆಯಾಗುತ್ತದೆ. ವರ್ಷಕ್ಕೊಮ್ಮೆಯ ಕೆಲಸ ಎರಡೇ: ಮಾರ್ಚ್ ಮುಗಿಯುವ ಮೊದಲು ಹೊಸ ವರ್ಷದ ಎಲ್‌ಯುಟಿ ಹಾಕುವುದು, ಏಪ್ರಿಲ್‌ನಿಂದ ಜೂನ್ ಒಳಗೆ ಐಇಸಿ ವಿವರ ಸರಿಯಿದೆ ಎಂದು ಸೈಟಿನಲ್ಲಿ ಒತ್ತುವುದು. ಏನೂ ಬದಲಾಗಿರದಿದ್ದರೂ ಒತ್ತಬೇಕು, ಇಲ್ಲವಾದರೆ ಐಇಸಿ ನಿಷ್ಕ್ರಿಯವಾಗಿ ಜುಲೈನ ಮೊದಲ ಕಂಟೇನರ್ ಶಿಪ್ಪಿಂಗ್ ಬಿಲ್ಲಿನಲ್ಲೇ ನಿಂತುಬಿಡುತ್ತದೆ.